ಕಾದ ಕಲ್ಲಿನ ಮೇಲೊಂದು ಹನಿ: ಪುಟ್ಟ ಕವಿತೆಯಲ್ಲಿ ಅನುಪ್ರಾಸ ಅರ್ಥ ಕಟ್ಟುವ ಬಗೆ

ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಲಾಲ್‌ಬಾಗಿನ ಬಂಡೆಯ ಮೇಲೆ ಬರಿಗಾಲಿನಲ್ಲಿ ನಿಲ್ಲುವುದು ಕಷ್ಟ. ಕೆಂಪೇಗೌಡರ ಹೆಸರಿನ ಪುಟ್ಟ ಗೋಪುರವನ್ನು ಹೊತ್ತಿರುವ ಆ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಬೆಳಗಿನಿಂದ ಕುಡಿದ ಬಿಸಿಲನ್ನು ಅದು ಸಂಜೆಯವರೆಗೂ ಕಾಲಿಗೆ ತಿರುಗಿಸಿ ಕೊಡುತ್ತಲೇ ಇರುತ್ತದೆ. ಅದರ ಮೈಮೇಲೆ ಅಲ್ಲಲ್ಲಿ ಮಳೆಯ ನೀರೇ ಕೊರೆದ ಕೊರಕಲುಗಳಿವೆ, ಅವುಗಳಲ್ಲಿ ಒಂದು ಹಿಡಿಯಷ್ಟು ಮಣ್ಣು ನಿಂತಿದೆ, ಆ ಮಣ್ಣಿನಲ್ಲಿ ಬೇಸಗೆಗೆ ಕರಕಾಗಿ, ಮುಂಗಾರಿಗೆ ಮೊದಲಿನ ಒಂದೆರಡು ಮಳೆ ಬಿದ್ದೊಡನೆ ಮತ್ತೆ ಚಿಗುರುವ ಗರಿಕೆ ಇದೆ. ಈ ಚಿಕ್ಕ ದೃಶ್ಯವನ್ನು ಕುರಿತು ಆರು ಸಾಲುಗಳ ಒಂದು ಪದ್ಯವನ್ನು ಈ ಲೇಖನಕ್ಕಾಗಿಯೇ ಬರೆದುಕೊಂಡಿದ್ದೇನೆ. ಬೇರೊಬ್ಬರ ಕವಿತೆಯನ್ನು ಬಿಡಿಸಿ ನೋಡುವಾಗ ಅವರು ಯಾವ ಪದವನ್ನು ಬಿಟ್ಟು ಯಾವ ಪದವನ್ನು ಇಟ್ಟುಕೊಂಡರು ಎಂಬುದನ್ನು ಊಹಿಸಬೇಕಾಗುತ್ತದೆ; ನನ್ನದೇ ಸಾಲುಗಳಾದರೆ ಬಿಟ್ಟ ಪದಗಳನ್ನೂ ಓದುಗರ ಮುಂದೆ ಇಡಬಹುದು.

ಕಾದ ಕಲ್ಲ ಕೊರಕಲಲ್ಲಿ
ಕರಕು ಕಡ್ಡಿಯಂಥ ಗರಿಕೆ;
ಟಪ್ಪನೊಂದು ಹನಿಯು ಬಿತ್ತು.
ಮಳೆಯ ಎಳೆಯು ಇಳೆಗೆ ಇಳಿದು
ತಿಳಿಯಲಿಲ್ಲ ಯಾವ ಗಳಿಗೆ
ಮೊಳೆತು ನಿಂತಿತೊಂದು ಹಸಿರು.

ಮುಂದೆ ಓದುವ ಮೊದಲು ಇದನ್ನು ಒಮ್ಮೆಯಾದರೂ ಬಾಯಿಬಿಟ್ಟು ಓದಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಅನುಪ್ರಾಸ ಕಣ್ಣಿಗೆ ಕಾಣುವ ಅಲಂಕಾರವಲ್ಲ. ನಾಲಿಗೆ, ತುಟಿ, ಗಂಟಲುಗಳು ಅದನ್ನು ಮೊದಲು ಅರಿಯುತ್ತವೆ, ಕಿವಿ ಅನಂತರ ಅರಿಯುತ್ತದೆ, ಬುದ್ಧಿಗೆ ಅದು ತಲುಪುವುದು ಎಲ್ಲಕ್ಕಿಂತ ಕೊನೆಗೆ.

ಅನುಪ್ರಾಸವನ್ನು ನಾವೆಲ್ಲ ಶಾಲೆಯಲ್ಲಿ ಶಬ್ದಾಲಂಕಾರಗಳ ಪಟ್ಟಿಯಲ್ಲಿ ಕಲಿತವರು. ಒಂದೋ ಎರಡೋ ವ್ಯಂಜನಗಳು ಮತ್ತೆ ಮತ್ತೆ ಬಂದರೆ ವೃತ್ತ್ಯನುಪ್ರಾಸ, ಎರಡು ವ್ಯಂಜನಗಳ ಜೋಡಿ ಅದೇ ಕ್ರಮದಲ್ಲಿ ಮರಳಿ ಬಂದರೆ ಛೇಕಾನುಪ್ರಾಸ ಎಂದು ಬರೆದು, ಲಕ್ಷಣವನ್ನು ಸಮನ್ವಯಗೊಳಿಸಿದರೆ ಅಂಕಗಳು ಸಿಗುತ್ತಿದ್ದವು. ಹೆಸರಿಟ್ಟ ಮೇಲೆ ಕೆಲಸ ಮುಗಿಯಿತೆಂಬ ಭಾವನೆಯನ್ನು ಆ ಅಭ್ಯಾಸ ನಮ್ಮಲ್ಲಿ ಬಿಟ್ಟುಹೋಗಿದೆ. ಆದರೆ ಆ ಲಕ್ಷಣವನ್ನು ಬರೆದ ಹಳಬರ ಮನಸ್ಸಿನಲ್ಲಿದ್ದುದು ಬರಿಯ ಎಣಿಕೆಯಲ್ಲ. ‘ವರ್ಣಸಾಮ್ಯವೇ ಅನುಪ್ರಾಸ’ ಎಂದು ಸೂತ್ರ ಹೇಳಿದ ಸಂಸ್ಕೃತದ ಆಲಂಕಾರಿಕ ಮಮ್ಮಟನು, ಅದರ ವಿವರಣೆಯಲ್ಲಿ, ರಸಕ್ಕೆ ಅನುಗತವಾಗಿ ವರ್ಣಗಳನ್ನು ಒತ್ತಾಗಿ ಇಡುವುದು ಅನುಪ್ರಾಸ ಎಂದು ಆ ಪದವನ್ನೇ ಒಡೆದು ತೋರಿಸುತ್ತಾನೆ. ‘ಅನು’ ಎಂಬ ಆ ಮೊದಲಿನ ಎರಡಕ್ಷರಗಳಲ್ಲೇ ಷರತ್ತು ಅಡಗಿದೆ: ವರ್ಣವು ಯಾವುದನ್ನೋ ಅನುಸರಿಸಬೇಕು. ಏನನ್ನು ಅನುಸರಿಸುತ್ತಿದೆ ಎಂದು ಕೇಳದೆ ಕ ಎಷ್ಟು ಬಾರಿ ಬಂದಿದೆ ಎಂದಷ್ಟೇ ಎಣಿಸಿದರೆ ನಾವು ಓದಿದ್ದು ಅರ್ಧ ಮಾತ್ರ.

ಆದರೂ ಎಣಿಕೆಯಿಂದಲೇ ತೊಡಗೋಣ, ಏಕೆಂದರೆ ಎಣಿಕೆ ಸುಳ್ಳು ಹೇಳುವುದಿಲ್ಲ. ಮೊದಲನೆಯ ಸಾಲಿನಲ್ಲಿ ಕಕಾರ ನಾಲ್ಕು ಬಾರಿ ಬಂದಿದೆ, ಎರಡನೆಯ ಸಾಲಿನಲ್ಲಿ ಮತ್ತೆ ನಾಲ್ಕು ಬಾರಿ. ಮೂರನೆಯ ಸಾಲಿನಿಂದ ಕೊನೆಯವರೆಗೆ ಒಂದು ಬಾರಿಯೂ ಇಲ್ಲ. ಳಕಾರದ ಕಥೆ ಇದಕ್ಕೆ ನೇರ ತಿರುವುಮುರುವು. ಮೊದಲ ಮೂರು ಸಾಲುಗಳಲ್ಲಿ ಅದರ ಸುಳಿವೇ ಇಲ್ಲ. ನಾಲ್ಕನೆಯ ಸಾಲಿನಲ್ಲಿ ನಾಲ್ಕು ಬಾರಿ, ಐದನೆಯದರಲ್ಲಿ ಎರಡು ಬಾರಿ, ಆರನೆಯದರಲ್ಲಿ ಒಂದು ಬಾರಿ. ಎರಡು ವ್ಯಂಜನಗಳು ಆರು ಸಾಲುಗಳ ನೆಲವನ್ನು ತಮ್ಮೊಳಗೆ ಪಾಲು ಮಾಡಿಕೊಂಡಿವೆ. ಒಣಗಿದ ಭಾಗ ಕಕಾರದ್ದು, ನೆನೆದ ಭಾಗ ಳಕಾರದ್ದು, ನಡುವೆ ಹನಿ ಬೀಳುವ ಸಾಲು ಎರಡಕ್ಕೂ ಸೇರದ ಗಡಿ. ‘ಈಗ ಬೇಸಗೆ ಮುಗಿಯಿತು’ ಎಂದು ಪದ್ಯ ಎಲ್ಲಿಯೂ ಹೇಳುವುದಿಲ್ಲ. ಆ ಮಾತನ್ನು ಹೇಳುವ ಕೆಲಸ ವರ್ಣಗಳದ್ದಾಗಿದೆ.

ಈ ಎರಡು ವರ್ಣಗಳು ಬಾಯಿಯಲ್ಲಿ ಹುಟ್ಟುವ ಬಗೆಯನ್ನು ನೋಡಿದರೆ ಪಾಲು ಹೀಗೇ ಏಕಾಯಿತೆಂಬುದು ತಿಳಿಯುತ್ತದೆ. ನಮ್ಮ ವರ್ಣಮಾಲೆಯನ್ನು ಜೋಡಿಸಿರುವುದೇ ಉಚ್ಚಾರಣೆಯ ಸ್ಥಾನಗಳ ಕ್ರಮದಲ್ಲಿ: ಕವರ್ಗ ಗಂಟಲಿನ ಬಳಿ, ಪವರ್ಗ ತುಟಿಗಳಲ್ಲಿ, ಉಳಿದವು ನಡುವೆ. ಕ ಎನ್ನುವಾಗ ನಾಲಿಗೆಯ ಹಿಂಭಾಗ ಮೇಲೆದ್ದು ಉಸಿರನ್ನು ಪೂರ್ತಿಯಾಗಿ ತಡೆದು, ಒಮ್ಮೆಗೇ ಬಿಡುತ್ತದೆ. ‘ಕಾದ ಕಲ್ಲ ಕೊರಕಲಲ್ಲಿ ಕರಕು ಕಡ್ಡಿ’ ಎಂದು ಓದುವಾಗ ಈ ತಡೆ ಮತ್ತೆ ಮತ್ತೆ ಬಂದು, ಗಂಟಲು ಒಣಗಿದವರು ಮಾತನಾಡಿದಂತೆ ತೋರುತ್ತದೆ. ಳ ಎನ್ನುವಾಗ ನಾಲಿಗೆಯ ತುದಿ ಹಿಂದಕ್ಕೆ ಬಾಗಿ ಬಾಯಿಯ ಮಾಳಿಗೆಯನ್ನು ಮುಟ್ಟುತ್ತದೆ, ಆದರೆ ಉಸಿರು ನಿಲ್ಲುವುದಿಲ್ಲ. ನಾಲಿಗೆಯ ಅಕ್ಕಪಕ್ಕದಲ್ಲಿ ಹರಿದುಹೋಗುತ್ತಲೇ ಇರುತ್ತದೆ. ಅಡ್ಡ ಬಂದ ಕಲ್ಲನ್ನು ಬಳಸಿಕೊಂಡು ನೀರು ಹರಿಯುವುದೂ ಹೀಗೆಯೇ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕ ಸ್ವಭಾವದಿಂದಲೇ ಒರಟು, ಳ ಸ್ವಭಾವದಿಂದಲೇ ಮೃದು ಎಂದು ನಾನು ಹೇಳುತ್ತಿಲ್ಲ. ಕಮಲ, ಕಂದ, ಕೋಮಲ, ಕನಸು ಎಂಬ ಪದಗಳೂ ಕಕಾರದಿಂದಲೇ ಆರಂಭವಾಗುತ್ತವೆ. ಮುಳ್ಳು, ಕೊಳೆ, ಗೋಳು ಎಂಬ ಪದಗಳಲ್ಲೂ ಳಕಾರವೇ ಇದೆ. ಧ್ವನಿಗೂ ಆಕಾರಕ್ಕೂ ಒಂದು ಸಹಜವಾದ ಒಲವಿನ ನಂಟು ಇರುವುದಂತೂ ನಿಜ: ಚೂಪು ಮೂಲೆಗಳ ಒಂದು ಚಿತ್ರ, ದುಂಡು ಅಂಚಿನ ಒಂದು ಚಿತ್ರ ತೋರಿಸಿ ಇವುಗಳಲ್ಲಿ ‘ಕಿಕಿ’ ಯಾವುದು, ‘ಬೂಬಾ’ ಯಾವುದು ಎಂದು ಕೇಳಿದರೆ ಬಹುತೇಕ ಜನ ಚೂಪಾದುದನ್ನೇ ಕಿಕಿ ಎನ್ನುತ್ತಾರೆಂಬುದನ್ನು ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿ 2001ರಲ್ಲಿ ಪ್ರಕಟಿಸಿದ ಪ್ರಬಂಧ ಪ್ರಸಿದ್ಧಗೊಳಿಸಿತು. ಆದರೆ ಒಲವೆಂದರೆ ಅರ್ಥವಲ್ಲ. ಒಂದು ವರ್ಣಕ್ಕೆ ಹಲವು ಸಾಧ್ಯತೆಗಳಿರುತ್ತವೆ, ಅದರ ಸುತ್ತಲಿನ ಪದಗಳ ಅರ್ಥ ಅವುಗಳಲ್ಲಿ ಒಂದನ್ನು ಆರಿಸಿ ಎಬ್ಬಿಸುತ್ತದೆ. ‘ಕಾದ ಕಲ್ಲು’ ಎಂಬ ಅರ್ಥ ಕಕಾರದ ತಡೆಯನ್ನು ಎಬ್ಬಿಸಿತು. ‘ಕಂದನ ಕನಸು’ ಎಂದಿದ್ದರೆ ಅದೇ ಕಕಾರ ಬೇರೆಯ ಗುಣವನ್ನು ತೋರುತ್ತಿತ್ತು. ಅರ್ಥವು ವರ್ಣಕ್ಕೆ ಬಣ್ಣ ಕೊಡುತ್ತದೆ, ಬಣ್ಣ ಪಡೆದ ವರ್ಣವು ಮರಳಿ ಅರ್ಥವನ್ನು ಗಾಢಗೊಳಿಸುತ್ತದೆ. ಈ ಎರಡು ಕಡೆಯ ಸಂಚಾರವನ್ನು ಗಮನಿಸದೆ ‘ಇಂಥ ಅಕ್ಷರಕ್ಕೆ ಇಂಥ ಭಾವ’ ಎಂದು ಕೋಷ್ಟಕ ಹಾಕುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಸಂಸ್ಕೃತದ ಆಲಂಕಾರಿಕರು ಟವರ್ಗವನ್ನು ಮಾಧುರ್ಯವೆಂಬ ಕಾವ್ಯಗುಣದಿಂದ ಹೊರಗಿಟ್ಟರು. ನಾಲಿಗೆ ಹಿಂದಕ್ಕೆ ಬಾಗಿ ಮುಟ್ಟುವ ಅದೇ ಮೂರ್ಧನ್ಯ ಸ್ಥಾನದಲ್ಲಿ ಹುಟ್ಟುವ ಳಕಾರವನ್ನು ಬಿಟ್ಟು ಕನ್ನಡದಲ್ಲಿ ಎಳೆತನವನ್ನಾಗಲಿ ಬೆಳಕನ್ನಾಗಲಿ ತಿಳಿನೀರನ್ನಾಗಲಿ ಹೆಸರಿಸಲು ಬರುವುದೇ ಇಲ್ಲ. ಒಂದು ಭಾಷೆಯ ಕಿವಿಗೆ ಒಪ್ಪಿದ ನಿಯಮ ಇನ್ನೊಂದರ ನಾಲಿಗೆಗೆ ಒಪ್ಪಬೇಕಾಗಿಲ್ಲ.

ಕನ್ನಡದಲ್ಲಿ ಅನುಪ್ರಾಸಕ್ಕೆ ಇರುವ ಬಲವನ್ನು ತಿಳಿಯಲು ನಮ್ಮ ಪದಗಳ ರಚನೆಯನ್ನೇ ನೋಡಬೇಕು, ಮತ್ತು ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು ಇರುವುದೂ ಇಲ್ಲಿಯೇ. ಕನ್ನಡದ ಪದದಲ್ಲಿ ಬೇರು ಮೊದಲಿಗೆ ಇರುತ್ತದೆ, ಪ್ರತ್ಯಯಗಳು ಅದರ ಹಿಂದೆ ಸಾಲುಗಟ್ಟುತ್ತವೆ. ‘ಹರಿಯುತ್ತದೆ’ ಎಂಬ ಪದದ ಅರ್ಥವೆಲ್ಲ ‘ಹರಿ’ ಎಂಬಲ್ಲಿದೆ. ‘ಉತ್ತದೆ’ ಎಂಬುದು ಕಾಲವನ್ನೂ ಲಿಂಗ ವಚನಗಳನ್ನೂ ಹೇಳುತ್ತದೆ. ಆದ್ದರಿಂದ ‘ಹರಿಯುತ್ತದೆ’, ‘ನಿಲ್ಲುತ್ತದೆ’ ಎಂಬ ಎರಡು ಪದಗಳ ತುದಿಗಳು ಹೊಂದಿಕೊಂಡರೆ ಅಲ್ಲಿ ಹೊಂದಿದ್ದು ವ್ಯಾಕರಣ ಮಾತ್ರ, ಅದಕ್ಕೆ ಕವಿ ಪಟ್ಟ ಶ್ರಮವೇನೂ ಇಲ್ಲ. ‘ಹರಿಯುತ್ತದೆ’, ‘ಸುರಿಯುತ್ತದೆ’ ಎಂದಾಗ ಹೊಂದಿಕೊಂಡದ್ದು ಬೇರುಗಳು. ಎರಡು ಬೇರುಗಳು ಒಂದೇ ದನಿಯಲ್ಲಿ ಮಾತನಾಡಿದಾಗ ಅವುಗಳ ನಡುವೆ ಏನೋ ರಕ್ತಸಂಬಂಧವಿದೆ ಎಂದು ಕಿವಿ ತಾನಾಗಿಯೇ ನಂಬುತ್ತದೆ. ಹೀಗಾಗಿ ಪದದ ಆದಿಯಲ್ಲಿ ಬರುವ ವರ್ಣಸಾಮ್ಯವು ಕನ್ನಡದಲ್ಲಿ ಎರಡು ವಸ್ತುಗಳು ನೆಂಟರೆಂದು ಸಾರುವ ಒಂದು ಹೇಳಿಕೆ. ಸಾಲಿನ ಕೊನೆಯ ಪ್ರಾಸಕ್ಕೆ ಆ ಶಕ್ತಿ ಅಷ್ಟು ಸುಲಭವಾಗಿ ದಕ್ಕುವುದಿಲ್ಲ.

ನಮ್ಮ ಗಾದೆಗಳು ಇದನ್ನು ಎಂದೋ ಬಲ್ಲವು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬಲ್ಲಿ ಕೆಸರಿಗೂ ಮೊಸರಿಗೂ ಲೋಕದಲ್ಲಿ ಯಾವ ಸಂಬಂಧವೂ ಇಲ್ಲ. ‘ಸರು’ ಎಂಬ ದನಿ ಅವುಗಳನ್ನು ದುಡಿಮೆ ಮತ್ತು ಫಲಗಳಾಗಿ ಕಟ್ಟಿಹಾಕಿತು. ‘ತಾಳಿದವನು ಬಾಳಿಯಾನು’ ಎಂಬಲ್ಲಿ ತಾಳುವುದರೊಳಗೇ ಬಾಳುವುದು ಅಡಗಿದೆಯೆಂದು ಕಿವಿ ಒಪ್ಪುತ್ತದೆ. ಇವೆರಡರಲ್ಲೂ ಹೊಂದಿರುವುದು ಪದದ ಮೊದಲ ಅಕ್ಷರದ ವ್ಯಂಜನವಲ್ಲ, ಎರಡನೆಯ ಅಕ್ಷರದ್ದು ಎಂಬುದನ್ನು ಗಮನಿಸಬೇಕು. ಇಂಗ್ಲಿಷಿನ ಅಲಿಟರೇಷನ್ ಪದದ ಮೊದಲ ದನಿಯನ್ನು ಹಿಡಿಯುತ್ತದೆ. ಕನ್ನಡ ಕಾವ್ಯ ಶತಮಾನಗಳ ಕಾಲ ನಿಯಮವಾಗಿ ಹಿಡಿದದ್ದು ಪಾದದ, ಎಂದರೆ ಪದ್ಯದ ಸಾಲಿನ, ಎರಡನೆಯ ಅಕ್ಷರವನ್ನು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಪ್ರಾಸವನ್ನು ವಿಸ್ತಾರವಾಗಿ ಚರ್ಚಿಸುತ್ತದೆ. ನಾಗವರ್ಮನ ಛಂದಸ್ಸಿನ ಗ್ರಂಥವಾದ ಛಂದೋಂಬುಧಿಯಲ್ಲಿ ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹಪ್ರಾಸ, ದೀರ್ಘವಿದ್ದರೆ ಗಜಪ್ರಾಸ ಎಂದು ತೊಡಗಿ ವೃಷಭ, ಅಜ, ಶರಭ, ಹಯಗಳವರೆಗೆ ಆರು ಬಗೆಗಳಿವೆ. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಈ ಕಡ್ಡಾಯ ಪ್ರಾಸವನ್ನು ಬಿಟ್ಟುಕೊಟ್ಟು ಬರೆದರು, ಹೊಸಗನ್ನಡ ಕವಿತೆ ಆ ದಾರಿಯಲ್ಲೇ ಮುನ್ನಡೆಯಿತು. ಅದು ಆಗಬೇಕಾಗಿದ್ದ ಬಿಡುಗಡೆ ಎಂದೇ ನನ್ನ ಭಾವನೆ. ಕಡ್ಡಾಯವಾಗಿದ್ದಾಗ ಪ್ರಾಸವು ಏನನ್ನೂ ಹೇಳಲಾರದು, ಏಕೆಂದರೆ ಅದು ಹೇಗೂ ಬರಲೇಬೇಕಾಗಿತ್ತು. ಬರಬೇಕಾಗಿಲ್ಲದ ಕಡೆ ಬಂದಾಗ ಮಾತ್ರ ಅದರ ಬರವು ಒಂದು ಸುದ್ದಿಯಾಗುತ್ತದೆ.

ಆರು ಸಾಲುಗಳಿಗೆ ಮರಳೋಣ. ಮೊದಲ ಮೂರು ಸಾಲುಗಳ ಎರಡನೆಯ ಅಕ್ಷರಗಳು ದ, ರ, ಪ್ಪ, ಅವುಗಳಲ್ಲಿ ಪ್ರಾಸವಿಲ್ಲ. ನಾಲ್ಕನೆಯ ಸಾಲಿನಿಂದ ಮಳೆ, ತಿಳಿ, ಮೊಳೆ ಎಂದು ಸಿಂಹಪ್ರಾಸ ತೊಡಗುತ್ತದೆ. ಒಣಗಿದ ಭಾಗದಲ್ಲಿ ಸಾಲುಗಳು ಪದಾದಿಯ ಕಕಾರದ ಹೊಡೆತದಿಂದ ಮಾತ್ರ ಹತ್ತಿರ ನಿಂತಿವೆ, ಕಲ್ಲಿನ ಪಕ್ಕದಲ್ಲಿ ಕಲ್ಲು ನಿಂತಂತೆ. ನೆನೆದ ಭಾಗದಲ್ಲಿ ಅವು ಒಳಗಿನಿಂದ, ಪದದ ಎರಡನೆಯ ಅಕ್ಷರದಿಂದ, ಒಂದಕ್ಕೊಂದು ಅಂಟಿಕೊಂಡಿವೆ. ಒಣ ಮಣ್ಣಿನ ಹೆಂಟೆಗಳಿಗೂ ಹಸಿ ಮಣ್ಣಿನ ಮುದ್ದೆಗೂ ಇರುವ ವ್ಯತ್ಯಾಸ ಇದೇ.

ನಾಲ್ಕನೆಯ ಸಾಲಿನ ಮೇಲೆ ತುಸು ಹೊತ್ತು ನಿಲ್ಲಬೇಕು. ಈ ಪದ್ಯದ ನಡೆ ಮೂರು ಮಾತ್ರೆಗಳ ಗಣದ್ದು, ಸಾಲಿಗೆ ನಾಲ್ಕು ಗಣ. ‘ಮಳೆಯ, ಎಳೆಯು, ಇಳೆಗೆ, ಇಳಿದು’ ಎಂಬ ನಾಲ್ಕು ಗಣಗಳಲ್ಲಿ ಪ್ರತಿಯೊಂದರ ಎರಡನೆಯ ಅಕ್ಷರವೂ ಳಕಾರವೇ. ಪಾದಪಾದಗಳ ನಡುವೆ ಬರಬೇಕಾದ ದ್ವಿತೀಯಾಕ್ಷರ ಪ್ರಾಸ ಇಲ್ಲಿ ಗಣಗಣಗಳ ನಡುವೆ ಬಂದಿದೆ. ಅಷ್ಟೇ ಅಲ್ಲ, ಈ ಸಾಲಿನ ಹನ್ನೆರಡು ಅಕ್ಷರಗಳೂ ಲಘು. ಇತರ ಎಲ್ಲ ಸಾಲುಗಳಲ್ಲೂ ಒಂದೆರಡಾದರೂ ಗುರುಗಳಿವೆ. ಇಲ್ಲಿ ಒಂದೂ ಇಲ್ಲ. ಭಾರವಿಲ್ಲದ ಅಕ್ಷರಗಳು ಸಮದೂರದಲ್ಲಿ ಬೀಳುತ್ತವೆ, ಪ್ರತಿ ಮೂರಕ್ಕೊಮ್ಮೆ ನಾಲಿಗೆ ಅದೇ ಜಾಗವನ್ನು ಸವರುತ್ತದೆ. ಇದು ಗುಡುಗಿನೊಡನೆ ಬಂದು ರಸ್ತೆಯನ್ನು ಹೊಳೆ ಮಾಡುವ ಮಳೆಯಲ್ಲ. ಗಾಳಿ ನಿಂತ ಮೇಲೆ ಎಳೆ ಎಳೆಯಾಗಿ ಇಳಿಯುವ ಸೋನೆ ಎಂಬುದನ್ನು ಹೇಳಲು ಪದ್ಯದಲ್ಲಿ ‘ಸೋನೆ’ ಎಂಬ ಪದದ ಅಗತ್ಯವೇ ಬೀಳಲಿಲ್ಲ.

ಇದನ್ನು ಪರೀಕ್ಷಿಸಲು ಒಂದು ದಾರಿಯಿದೆ. ಅದೇ ಅರ್ಥವನ್ನು ಅದೇ ಅಳತೆಯಲ್ಲಿ ಬೇರೆ ಪದಗಳಿಂದ ಕಟ್ಟಿ ನೋಡಬೇಕು. ‘ವರ್ಷಧಾರೆ ಧರೆಗೆ ಬಂದು’ ಎಂದು ನಾನು ಮೊದಲು ಬರೆದುಕೊಂಡಿದ್ದೆ. ಮಾತ್ರೆಗಳು ಸರಿಯಾಗಿಯೇ ಇವೆ, ಧಾರೆ ಮತ್ತು ಧರೆಗಳ ನಡುವೆ ಸೊಗಸಾದ ಛೇಕಾನುಪ್ರಾಸವೂ ಇದೆ. ಆದರೆ ಸುರಿಯುವ ಮಳೆಯೇ ಬದಲಾಗಿಹೋಯಿತು. ‘ರ್ಷ’ ಎಂಬ ಒತ್ತಕ್ಷರದ ಭಾರ, ಧಕಾರದ ಮಹಾಪ್ರಾಣದಲ್ಲಿ ಎದೆಯಿಂದ ನುಗ್ಗುವ ಉಸಿರು, ‘ಧಾ’ ಎಂಬ ದೀರ್ಘ, ಇವೆಲ್ಲ ಸೇರಿ ಅದು ಜಡಿಮಳೆಯಾಯಿತು. ಅಷ್ಟು ಮಳೆಯಲ್ಲಿ ಕೊರಕಲಿನ ಹಿಡಿ ಮಣ್ಣು ಗರಿಕೆಯ ಸಮೇತ ಕೊಚ್ಚಿಹೋಗುತ್ತಿತ್ತು. ಅನುಪ್ರಾಸ ಎರಡೂ ಸಾಲುಗಳಲ್ಲಿದೆ, ಮೇಲುನೋಟದ ಅರ್ಥವೂ ಒಂದೇ, ಆದರೆ ಒಂದು ಸಾಲು ಈ ಪದ್ಯಕ್ಕೆ ಸೇರಿದ್ದು, ಇನ್ನೊಂದು ಬೇರೆ ಯಾವುದೋ ವೀರಾವೇಶದ ಪದ್ಯಕ್ಕೆ ಸೇರಬೇಕಾದದ್ದು. ಅನುಪ್ರಾಸವಿದೆಯೇ ಎಂಬ ಪ್ರಶ್ನೆಗಿಂತ ಯಾವ ಅನುಪ್ರಾಸ ಎಂಬ ಪ್ರಶ್ನೆ ದೊಡ್ಡದು.

ಎರಡನೆಯ ಸಾಲಿನಲ್ಲಿ ಇಂಥದೇ ಇನ್ನೊಂದು ಆಯ್ಕೆಯಿತ್ತು. ‘ಕರಕು ಕಡ್ಡಿಯಂಥ ಹುಲ್ಲು’ ಎಂದರೂ ಅಳತೆ ಕೆಡುವುದಿಲ್ಲ. ಆದರೆ ‘ಗರಿಕೆ’ ಎಂಬ ಪದವನ್ನು ಮೊದಲ ಸಾಲಿನ ‘ಕೊರಕಲು’, ಎರಡನೆಯ ಸಾಲಿನ ‘ಕರಕು’ಗಳ ಪಕ್ಕದಲ್ಲಿಟ್ಟು ನೋಡಿ. ಮೂರರಲ್ಲೂ ಒಂದೇ ಎಲುಬುಗೂಡು: ಕವರ್ಗದ ಒಂದು ವ್ಯಂಜನ, ಅನಂತರ ರ, ಅನಂತರ ಕ. ಕಲ್ಲಿನ ಕೊರಕಲು, ಸುಟ್ಟ ಕರಕು, ಹುಲ್ಲಿನ ಗರಿಕೆ ಎಂಬ ಮೂರು ಬೇರೆ ಬೇರೆ ವಸ್ತುಗಳು ಒಂದೇ ಅಚ್ಚಿನಿಂದ ಬಂದಂತಿವೆ. ಸತ್ತಂತೆ ಕಾಣುವ ಹುಲ್ಲು ತನ್ನ ಸುತ್ತಣ ಕಲ್ಲಿನ ಬಣ್ಣವನ್ನೇ ಹೊದ್ದು ಅಡಗಿ ಕುಳಿತಿದೆ. ಆದರೂ ಒಂದು ಕಡೆ ಅದು ತನ್ನ ಗುಟ್ಟನ್ನು ಬಿಟ್ಟುಕೊಟ್ಟಿದೆ. ಕೊರಕಲು ಮತ್ತು ಕರಕುಗಳ ಮೊದಲ ದನಿ ಕ, ಗರಿಕೆಯ ಮೊದಲ ದನಿ ಗ. ಎರಡೂ ಹುಟ್ಟುವ ಜಾಗ ಒಂದೇ. ಗಕಾರದಲ್ಲಿ ಮಾತ್ರ ಕೊರಳಿನ ನಾದ ಕೂಡಿಕೊಳ್ಳುತ್ತದೆ. ಕೊರಳ ಮೇಲೆ ಬೆರಳಿಟ್ಟುಕೊಂಡು ಎರಡನ್ನೂ ಉಚ್ಚರಿಸಿದರೆ ಆ ಮಿಡಿತ ಬೆರಳಿಗೇ ಸಿಗುತ್ತದೆ. ಕರಕು ಎಂಬ ಪದದೊಳಗೆ ಸ್ವಲ್ಪ ಜೀವ ಸೇರಿದರೆ ಗರಿಕೆ. ಹುಲ್ಲಿನಲ್ಲಿ ಇನ್ನೂ ಉಸಿರಿದೆ ಎಂದು ಪದ್ಯ ಮಳೆ ಬರುವ ಮೊದಲೇ ಹೇಳಿಬಿಟ್ಟಿದೆ, ಆದರೆ ಗಟ್ಟಿಯಾಗಿ ಹೇಳಿಲ್ಲ. ಈ ಗಕಾರವೇ ಮುಂದೆ ‘ಇಳೆಗೆ’, ‘ಗಳಿಗೆ’ಗಳಲ್ಲಿ ಳಕಾರದ ಜೊತೆ ಸೇರಿ ಮಳೆಯೊಳಗೆ ಬೆರೆತುಹೋಗುತ್ತದೆ.

ಕಾದ ಎಂಬ ಪದದ ಬಗ್ಗೆ ಎರಡು ಮಾತು. ಕಾಯುವುದು ಎಂದರೆ ಬಿಸಿಯಾಗುವುದೂ ಹೌದು, ಎದುರು ನೋಡುವುದೂ ಹೌದು. ‘ಸುಟ್ಟ ಕಲ್ಲು’ ಎಂದಿದ್ದರೆ ಕಲ್ಲು ಬರಿಯ ಬಿಸಿ ಕಲ್ಲಾಗಿರುತ್ತಿತ್ತು; ಕಾದ ಕಲ್ಲು ಮಳೆಗಾಗಿ ಕಾದ ಕಲ್ಲೂ ಆಗುತ್ತದೆ. ಮೂರನೆಯ ಸಾಲಿನ ‘ಬಿತ್ತು’ ಎಂಬುದರಲ್ಲೂ ಹೀಗೆಯೇ ಎರಡು ಪದಗಳು ಒಂದೇ ಉಡುಪಿನಲ್ಲಿವೆ: ಬಿದ್ದಿತು ಎಂಬುದರ ಆಡುರೂಪ ಒಂದು, ಬೀಜ ಹಾಕುವ ಬಿತ್ತು ಇನ್ನೊಂದು. ಹನಿ ಬಿತ್ತು ಎಂದಾಗ ಹನಿಯೇ ಬೀಜವಾದಂತೆ ಒಂದು ಕ್ಷಣ ಕೇಳಿಸಿ ಮರೆಯಾಗುತ್ತದೆ. ಶಾಸ್ತ್ರ ಇದನ್ನು ಶ್ಲೇಷವೆಂದು ಬೇರೆಯ ಮನೆಯಲ್ಲಿ ಇಡುತ್ತದೆ. ಆದರೆ ಎರಡು ಪದಗಳ ದನಿಗಳು ಸ್ವಲ್ಪ ಹೊಂದಿದರೆ ಅನುಪ್ರಾಸ, ಪೂರ್ತಿಯಾಗಿ ಹೊಂದಿ ಒಂದರೊಳಗೊಂದು ಐಕ್ಯವಾದರೆ ಶ್ಲೇಷ; ನನ್ನ ಕಿವಿಗೆ ಇವು ಒಂದೇ ದಾರಿಯ ಎರಡು ತಂಗುದಾಣಗಳು.

ಹನಿ ಬೀಳುವ ಸಾಲು ಟಕಾರದಿಂದ ತೊಡಗುತ್ತದೆ. ಈ ಪದ್ಯದಲ್ಲಿ ಟಕಾರ ಇರುವುದು ಅದೊಂದೇ ಕಡೆ. ಟಪ್ಪನೆ ಎಂಬುದು ಅನುಕರಣಾವ್ಯಯ, ಅದು ಸದ್ದನ್ನು ಅನುಕರಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಹೆಚ್ಚಿನದು ಅದರ ಜಾಗದಲ್ಲಿದೆ. ಟ ಹುಟ್ಟುವುದೂ ಳ ಹುಟ್ಟುವುದೂ ಒಂದೇ ಕಡೆ: ನಾಲಿಗೆಯ ತುದಿ ಹಿಂದಕ್ಕೆ ಬಾಗಿ ಬಾಯಿಯ ಮಾಳಿಗೆಯನ್ನು ಮುಟ್ಟುವಲ್ಲಿ. ಟಕಾರದಲ್ಲಿ ಅದು ಬಡಿದು ಬಿಡುತ್ತದೆ, ಳಕಾರದಲ್ಲಿ ಸವರಿ ಹರಿಯುತ್ತದೆ. ಮೊದಲ ಹನಿ ಬಡಿದ ಜಾಗದಲ್ಲೇ ಅನಂತರದ ಮಳೆಯೆಲ್ಲ ಹರಿಯಿತು.

ಆ ಳ ಮೊದಲು ನಾಲ್ಕು, ಬಳಿಕ ಎರಡು, ಕೊನೆಗೆ ಒಂದು ಎಂದು ಕಡಿಮೆಯಾಗುತ್ತದೆ ಎಂದೆನಲ್ಲ, ಮಳೆ ಸಣ್ಣಗಾಗಿ ನಿಲ್ಲುವ ಬಗೆ ಅದು. ‘ಮಳೆ ನಿಂತಿತು’ ಎಂದು ಹೇಳುವ ಸಾಲು ಪದ್ಯದಲ್ಲಿ ಇಲ್ಲ. ‘ನಿಂತಿತು’ ಎಂಬ ಕ್ರಿಯಾಪದ ಮಾತ್ರ ಕೊನೆಯ ಸಾಲಿನಲ್ಲಿದೆ, ಆದರೆ ಅಲ್ಲಿ ನಿಂತದ್ದು ಹಸಿರು. ಕೊನೆಯದಾಗಿ ಉಳಿದ ಒಂದೇ ಳಕಾರ ‘ಮೊಳೆತು’ ಎಂಬಲ್ಲಿದೆ. ಮಳೆ ಮತ್ತು ಮೊಳೆ ಎಂಬ ಎರಡು ಪದಗಳ ವ್ಯಂಜನಗಳು ಒಂದೇ, ಮ ಮತ್ತು ಳ. ನಡುವಿನ ಸ್ವರ ಅಕಾರದಿಂದ ಒಕಾರಕ್ಕೆ ತಿರುಗಿದೆ, ತೆರೆದ ಬಾಯಿ ದುಂಡಗಾಗಿದೆ. ಮಕಾರ ಈ ಪದ್ಯದಲ್ಲಿ ಬೇರೆಲ್ಲಿಯೂ ಇಲ್ಲದಿರುವುದರಿಂದ ಕಿವಿಗೆ ಈ ಎರಡರ ಸಂಬಂಧ ತಪ್ಪಿಹೋಗಲು ಸಾಧ್ಯವೇ ಇಲ್ಲ. ಮಳೆಯು ಮೊಳಕೆಗೆ ಕಾರಣ ಎಂಬುದು ಕೃಷಿಯ ಪಾಠ. ಮಳೆಯೇ ಸ್ವಲ್ಪ ಆಕಾರ ಬದಲಿಸಿ ಮೊಳಕೆಯಾಗಿ ಎದ್ದಿತು ಎಂಬುದು ಈ ಪದ್ಯದ ಮಾತು. ಆ ಎರಡನೆಯ ಮಾತನ್ನು ವಾಕ್ಯದಲ್ಲಿ ಹೇಳಿದರೆ ಉತ್ಪ್ರೇಕ್ಷೆಯಾಗುತ್ತದೆ, ವರ್ಣದಲ್ಲಿ ಹೇಳಿದರೆ ಅನುಭವವಾಗುತ್ತದೆ.

ಇದೇ ನಂಟನ್ನು ನಮ್ಮ ಜನ ‘ಮಳೆಬೆಳೆ’ ಎಂಬ ಜೋಡುನುಡಿಯಲ್ಲಿ ನಿತ್ಯವೂ ಆಡುತ್ತಾರೆ. ‘ಈ ವರ್ಷ ನಿಮ್ಮ ಕಡೆ ಮಳೆಬೆಳೆ ಹೇಗೆ?’ ಎಂದು ಊರಿನಿಂದ ಬಂದವರನ್ನು ಕೇಳುವಾಗ ಅದು ಎರಡು ಪದ ಎಂಬುದೇ ನಮಗೆ ಮರೆತಿರುತ್ತದೆ. ಆಶ್ಚರ್ಯವೆಂದರೆ ಹಳಗನ್ನಡದ ಕವಿಗೆ ಈ ಪ್ರಾಸ ದಕ್ಕುತ್ತಿರಲಿಲ್ಲ. ಅಂದಿನ ಮಳೆ ‘ಮೞೆ’. ಅದರ ೞಕಾರ ಬೆಳೆಯ ಳಕಾರಕ್ಕಿಂತ ಬೇರೆಯ ದನಿ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ಇವುಗಳ ಭೇದವನ್ನು ಜತನದಿಂದ ವಿವರಿಸುತ್ತಾನೆ. ಮುಂದೆ ೞ ಬಳಕೆಯಿಂದ ಮರೆಯಾಗಿ ಅದರ ಪದಗಳು ಳಕಾರದ ಮನೆಗೆ ಬಂದು ಸೇರಿದವು. ಭಾಷೆ ಒಂದು ದನಿಯನ್ನು ಕಳೆದುಕೊಂಡಿತು, ಕವಿಗಳಿಗೆ ಒಂದು ಪ್ರಾಸ ಸಿಕ್ಕಿತು.

ಈಗ ಬೆಂಗಳೂರಿನಲ್ಲಿ ಅಂಥದೇ ಇನ್ನೊಂದು ಅಳಿವು ನಮ್ಮ ಕಣ್ಣೆದುರಿಗೇ ನಡೆಯುತ್ತಿದೆಯೇನೋ ಎಂಬ ಆತಂಕ ನನಗಿದೆ. ಕನ್ನಡದ ಮನೆಗಳ ಮಕ್ಕಳ ಬಾಯಲ್ಲೂ ಳಕಾರ ಹಲವು ಬಾರಿ ಲಕಾರವಾಗಿ ಕೇಳಿಸುತ್ತದೆ. 2014ರ ನವೆಂಬರ್ 1ರಿಂದ ಊರಿನ ಹೆಸರನ್ನು ಇಂಗ್ಲಿಷಿನಲ್ಲೂ ಬೆಂಗಳೂರು ಎಂದೇ ಬರೆಯುವಂತಾಯಿತು, ಆದರೆ ಆ ಲಿಪಿಯಲ್ಲಿ ಳಕಾರವನ್ನು ಕೂರಿಸಲು ಜಾಗವಿಲ್ಲ. ನಾಲ್ಕನೆಯ ಸಾಲನ್ನು ಲಕಾರದಿಂದ ಓದಿದರೆ ಮಳೆಯು ಮಲೆಯಾಗುತ್ತದೆ, ಎಳೆಯು ಎಲೆಯಾಗುತ್ತದೆ. ಕೆಟ್ಟದ್ದು ಅಷ್ಟೇ ಅಲ್ಲ: ಮೊದಲ ಸಾಲಿನ ‘ಕಲ್ಲ ಕೊರಕಲಲ್ಲಿ’ ಎಂಬಲ್ಲಿ ಲಕಾರ ಈಗಾಗಲೇ ದಟ್ಟವಾಗಿರುವುದರಿಂದ ಒಣ ಭಾಗಕ್ಕೂ ಹಸಿ ಭಾಗಕ್ಕೂ ನಡುವಿನ ಗಡಿಯೇ ಅಳಿಸಿಹೋಗಿ, ಹನಿ ಬೀಳುವ ಮೊದಲೇ ಕಲ್ಲು ನೆನೆದುಬಿಡುತ್ತದೆ. ಮಕ್ಕಳಿಗೆ ಳಕಾರ ಕಲಿಸಲು ತಿದ್ದಿ ಗದರುವುದಕ್ಕಿಂತ ಇಂಥ ಒಂದು ಸಾಲನ್ನು ನಿಧಾನವಾಗಿ ಜೊತೆಯಲ್ಲಿ ಓದುವುದು ಹೆಚ್ಚು ಫಲ ಕೊಡುತ್ತದೆಂಬುದು ನನ್ನ ನಂಬಿಕೆ.

ಬರೆಯುವವರಿಗೆ ಇಲ್ಲಿ ಒಂದು ಅಪಾಯವೂ ಇದೆ. ಒಮ್ಮೆ ಕಿವಿಗೆ ರುಚಿ ಹತ್ತಿದರೆ ಪದಗಳು ತಾವಾಗಿ ಸಾಲುಗಟ್ಟಿ ಬರುತ್ತವೆ. ‘ಕಾಗೆ ಕೋಗಿಲೆ ಕೂಡಿ ಕೆರೆಯ ಕಟ್ಟೆಗೆ ಕುಣಿದು’ ಎಂದು ಕಕಾರದಲ್ಲೇ ಒಂದು ಗಂಟೆ ಬರೆಯುತ್ತ ಹೋಗಬಹುದು. ಆದರೆ ಅಲ್ಲಿ ಕಕಾರ ಯಾವ ಪದವನ್ನೂ ಇನ್ನೊಂದರ ನೆಂಟನನ್ನಾಗಿ ಮಾಡುವುದಿಲ್ಲ, ಅಥವಾ ಎಲ್ಲವನ್ನೂ ಎಲ್ಲದರ ನೆಂಟನನ್ನಾಗಿ ಮಾಡುತ್ತದೆ, ಎರಡೂ ಒಂದೇ. ವರ್ಣವೊಂದು ಒಂದು ಕಡೆ ಒತ್ತಾಗಿ ಬಂದುದರಷ್ಟೇ ಮುಖ್ಯ ಅದು ಇನ್ನೊಂದು ಕಡೆ ಬಾರದಿರುವುದು. ಮೂರನೆಯ ಸಾಲಿನ ನಂತರ ಕಕಾರ ಬರದಂತೆ ತಡೆಯಲು ನಾನು ಪಟ್ಟ ಕಷ್ಟ, ಮೊದಲ ಎರಡು ಸಾಲುಗಳಲ್ಲಿ ಅದನ್ನು ತುಂಬಲು ಪಟ್ಟ ಕಷ್ಟಕ್ಕಿಂತ ಹೆಚ್ಚಿನದು. ‘ಮೊಳಕೆ’ ಎಂಬ ಸುಲಭವಾದ ಪದವನ್ನು ಬಿಟ್ಟು ‘ಮೊಳೆತು’ ಎಂದು ಬರೆದದ್ದೂ ಆ ಒಂದು ಕಕಾರವನ್ನು ಹೊರಗಿಡುವುದಕ್ಕಾಗಿಯೇ.

ಕೊನೆಗೆ ಹಕಾರ. ಆರು ಸಾಲುಗಳಲ್ಲಿ ಅದು ಬರುವುದು ಎರಡೇ ಕಡೆ: ಮೂರನೆಯ ಸಾಲಿನ ಹನಿಯಲ್ಲಿ ಮತ್ತು ಆರನೆಯ ಸಾಲಿನ ಹಸಿರಿನಲ್ಲಿ. ಎರಡೂ ಪದಗಳು ‘ಒಂದು’ ಎಂಬುದರ ಬೆನ್ನಿಗೇ ಬರುತ್ತವೆ, ಎರಡೂ ಮೂರು ಲಘುಗಳ ಗಣಗಳು. ಇವು ಇಷ್ಟು ದೂರದಲ್ಲಿರುವುದರಿಂದ ಶಾಸ್ತ್ರ ಇದನ್ನು ಅನುಪ್ರಾಸವೆಂದು ಎಣಿಸಲಾರದು. ಆದರೆ ಎರಡನೆಯ ಸಾಲಿನಲ್ಲಿ ‘ಹುಲ್ಲು’ ಎಂದು ಬರೆಯದಿರಲು ನನಗಿದ್ದ ಇನ್ನೊಂದು ಕಾರಣ ಇದೇ: ಹಕಾರ ಹನಿಗಿಂತ ಮೊದಲು ಬಂದುಬಿಡಬಾರದಾಗಿತ್ತು. ಹ ಎನ್ನುವಾಗ ನಾಲಿಗೆ ಎಲ್ಲಿಯೂ ತಾಕುವುದಿಲ್ಲ, ತುಟಿ ಮುಚ್ಚುವುದಿಲ್ಲ. ಅದು ಬರಿಯ ಉಸಿರು. ಈ ಉಸಿರಿನ ಹಿಂದೆ ಇನ್ನೊಂದು ಚರಿತ್ರೆಯಿದೆ. ಹಳಗನ್ನಡದ ಪದಾದಿಯ ಪಕಾರ ಕಾಲಕ್ರಮದಲ್ಲಿ ಹಕಾರವಾಯಿತು. ಅಂದಿನ ಪನಿ ಇಂದಿನ ಹನಿ, ಅಂದಿನ ಪಸುರು ಇಂದಿನ ಹಸಿರು. ಸಾವಿರ ವರ್ಷಗಳ ಹಿಂದೆ ಯಾರಾದರೂ ಇಂಥ ಮಳೆಯನ್ನು ಕುರಿತು ಬರೆದಿದ್ದರೆ ‘ಟಪ್ಪನೊಂದು ಪನಿ’ ಎಂದು ತುಟಿಗಳನ್ನು ಎರಡು ಬಾರಿ ಮುಚ್ಚಿ ತೆರೆಯಬೇಕಾಗುತ್ತಿತ್ತು, ಆ ಮುಚ್ಚಿದ ತುಟಿಯೇ ಕೊನೆಯ ಸಾಲಿನ ಪಸುರಿನಲ್ಲಿ ಮತ್ತೆ ಮೊಗ್ಗಿನಂತೆ ಒಡೆಯುತ್ತಿತ್ತು. ನಮ್ಮ ಕಾಲದ ಕನ್ನಡದಲ್ಲಿ ಅದು ಆಗಲೇ ಒಡೆದು ಉಸಿರಾಗಿದೆ. ಪದ್ಯದ ಕೊನೆಯ ಪದವನ್ನು ಹೇಳುವಾಗ ಹಕಾರದಲ್ಲಿ ಹೊರಬಂದ ಗಾಳಿ, ಕಕಾರಗಳ ಎರಡು ಸಾಲುಗಳನ್ನು ಓದುವಾಗ ಗಂಟಲಿನಲ್ಲಿ ಎಂಟು ಬಾರಿ ತಡೆದು ನಿಲ್ಲಿಸಿದ್ದ ಗಾಳಿಯೇ.